ಮೊದಲ ಇಲಿ ಬಿದ್ದ ಮನೆ

ಈ ಸಭೆಯ ಅಧ್ಯಕ್ಷರಾದ ಅಮಲ್ದಾರ್ ಕೃಷ್ಣಪ್ಪನವರೇ, ಇಂದು ನಾವೆಲ್ಲ ಸೇರಿ ಬೀಳ್ಕೊಡುತ್ತಿರುವ ಕಾಂಪೌಂಡರ್ ದೇವಯ್ಯನವರೇ, ಅರಕಲಗೂಡಿನ ಹಿರಿಯರೇ, ಗೋಡೆಯ ಪಕ್ಕ ಕುಳಿತಿರುವ ತಾಯಂದಿರೇ, ಸಭಿಕರೇ,

ಬಟ್ಟೆ ಅಂಗಡಿಯ ಪಂಚಾಕ್ಷರಯ್ಯ ಮಾತಿಗೆ ನಿಂತರೆ ಬೇಗ ಮುಗಿಸುವುದಿಲ್ಲವೆಂದು ನಿಮಗೆ ಗೊತ್ತು. ಗೊತ್ತಿದ್ದೂ ಕರೆದಿದ್ದೀರಿ, ಅನುಭವಿಸಿ. ಈ ಯುದ್ಧದ ಕಾಲದಲ್ಲಿ ಬಟ್ಟೆ ವ್ಯಾಪಾರಿಯಾದ ನನಗೇ ಒಂದು ಒಳ್ಳೆಯ ಶಾಲು ಸಿಗಲಿಲ್ಲ. ಅದಕ್ಕೆ ಪುರಸಭೆಯ ಪರವಾಗಿ ದೇವಯ್ಯನವರಿಗೆ ಒಂದು ಪೆನ್ನು ಕೊಟ್ಟಿದ್ದೇವೆ.

ನಾಳೆ ಬೆಳಗಿನ ಬಸ್ಸಿಗೆ ಅವರು ಹಾಸನಕ್ಕೆ ಹೊರಟುಬಿಡುತ್ತಾರೆ. ಹದಿನಾಲ್ಕು ವರ್ಷ ನಮ್ಮ ಮಿಷನ್ ಔಷಧಾಲಯದಲ್ಲಿದ್ದರು. ಮಲ್ಲಿಪಟ್ಟಣದ ತನಕ ಮಳೆಯಲ್ಲಿ ನಡೆದು ಹೋಗಿ ಹುಣ್ಣು ತೊಳೆದವರು ಯಾರು? ದೇವಯ್ಯನವರು. ಯಾವ ಜಾತಿ ಎಂದು ಕೇಳದೆ ನಮ್ಮ ಮಕ್ಕಳ ಕೀವು ಒರೆಸಿದವರು ಯಾರು? ದೇವಯ್ಯನವರು. ಅವರು ಕ್ರೈಸ್ತರು, ನಾನು ಲಿಂಗವಂತ. ದಿನವೂ ಸಂಜೆ ನನ್ನ ಅಂಗಡಿಯ ಜಗಲಿಯ ಮೇಲೆ ಕುಳಿತು ವಾದ ಮಾಡಿದೆವು. ಹದಿನಾಲ್ಕು ವರ್ಷದ ಮೇಲೂ ನನ್ನ ಕೊರಳಿನ ಲಿಂಗ ಕೊರಳಲ್ಲೇ ಇದೆ, ಅವರ ಪ್ರಾರ್ಥನೆ ಅವರ ಬಾಯಲ್ಲೇ ಇದೆ. ಸ್ನೇಹ ಮಾತ್ರ ಇಬ್ಬರಿಗೂ ಸೇರಿದ್ದು.

ಒಂದು ದಿನ ನಾನು ಕೇಳಿದೆ: "ನಿಮ್ಮ ದೇವರಿಗೆ ಎಲ್ಲ ಮೊದಲೇ ಗೊತ್ತಿತ್ತಲ್ಲ, ತಿನ್ನಬಾರದ ಹಣ್ಣಿನ ಮರವನ್ನು ತೋಟದ ನಡುವೆ ಏಕೆ ನೆಟ್ಟ? ಪುರಸಭೆಯವರು ಹೀಗೆ ಮಾಡಿದ್ದರೆ ನಾವು ಅರ್ಜಿ ಬರೆಯುತ್ತಿದ್ದೆವು." ದೇವಯ್ಯನವರು ನಕ್ಕರು. "ಕತ್ತು ಇಡ್ದು ಬಗ್ಗಿಸಿದ್ರೆ ಅದು ನಮಸ್ಕಾರ ಆಯ್ತದಾ ಸಾ? ಮನ್ಸ ತಾನಾಗೇ ತನ್ನತ್ರ ಬರ್ಬೇಕು, ಮಗ ಬಂದಂಗೆ ಬರ್ಬೇಕು ಅಂತ ದೇವರ ಆಸೆ. ಅದ್ಕೇ ನಮ್ಮನ್ನ ಹುಟ್ಸಿದ್ದು. ಬರೋಕೆ ಬಿಟ್ಟ ಮ್ಯಾಲೆ ಓಗೋಕೂ ಬಿಡ್ಬೇಕಲ್ಲ," ಎಂದರು. ನಾನು ಬಿಡುತ್ತೇನೆಯೇ? ಎಲ್ಲವೂ ಹಣೆಬರಹ, ಮನುಷ್ಯನ ಕೈಯಲ್ಲಿ ಏನೂ ಇಲ್ಲ ಎಂದು ವಾದಿಸಿದೆ. ಎಂಟು ವರ್ಷದಿಂದ ಅದನ್ನೇ ವಾದಿಸುತ್ತಿದ್ದೇನೆ.

ಎಂಟು ವರ್ಷದ ಹಿಂದೆ ಪ್ಲೇಗು ಬಂದದ್ದು ನಿಮಗೆ ನೆನಪಿದೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಕೂಡಲೇ ಬೀದಿಯ ಪುರಸಭಾ ಮೆಂಬರಿಗೆ ಹೇಳಬೇಕು. ಅವನು ಡಂಗುರ ಸಾರಿಸಬೇಕು, ಇಡೀ ಬೀದಿ ಊರಾಚೆಯ ಗುಡಿಸಲುಗಳಿಗೆ ಹೋಗಬೇಕು. ನಮ್ಮ ಬೀದಿಯ ಮೆಂಬರು ನಾನೇ. ದೇವಯ್ಯನವರು ಬೀದಿಗೊಂದು ಹಾಳೆಯಂತೆ ಒಂದು ಪುಸ್ತಕ ಇಟ್ಟಿದ್ದರು. ಹಾಳೆಯ ಮೊದಲ ಸಾಲು, ಮೊದಲ ಇಲಿ ಬಿದ್ದ ಮನೆ. ಆ ಮನೆಯ ಅಕ್ಕಪಕ್ಕದವರಿಗೆ ಮೊದಲು ಸೂಜಿ ಹಾಕುತ್ತಿದ್ದರು. ಎಂಥ ಅಚ್ಚುಕಟ್ಟು ನೋಡಿ! ಆ ಪುಸ್ತಕದಿಂದ ಈ ಊರಿನಲ್ಲಿ ಎಷ್ಟೋ ಜೀವ ಉಳಿಯಿತು.

ನಮ್ಮ ಬೀದಿಯ ಹಾಳೆಯಲ್ಲಿ ಮಾತ್ರ ಮೊದಲ ಸಾಲು ಖಾಲಿ. ಆ ವಾರವೇ ನನ್ನ ಮಗಳು ನೀಲಾಂಬಿಕೆಯ ಲಗ್ನ. ನುಗ್ಗೇಹಳ್ಳಿಯ ಬೀಗರು ಬಂದು ಇಳಿದಿದ್ದರು. ಚಪ್ಪರಕ್ಕೆ ಬಿದಿರಿನ ಗಳು ನೆಟ್ಟವನು ಪಕ್ಕದ ಮನೆಯ ಪುಟ್ಟಸ್ವಾಮಿ. ಅಂಥ ಹೊತ್ತಿನಲ್ಲಿ ಊರು ಬಿಡಿ ಎಂದು ಯಾರು ಸಾರಿಸುತ್ತಾರೆ? ಅದೇನು ದೊಡ್ಡ ಹೆಗ್ಗಣವೂ ಅಲ್ಲ, ಅಂಗೈಯಷ್ಟು ಇಲಿ. ರಾಗಿ ತುಂಬಿಡುವ ವಾಡೆಯ ಪಕ್ಕ ಬಿದ್ದಿತ್ತು. ಬಾಲ ಹಿಡಿದು ಎತ್ತಿ ತಿಪ್ಪೆಗುಂಡಿಗೆ ಹಾಕಿ ಎರಡು ಮಂಕರಿ ಮಣ್ಣು ಎಳೆದರೆ...

ಸ್ವಲ್ಪ ನೀರು ಕೊಡಿ.

ಬಾಯಿ ತಪ್ಪಿ ಬಂತು ಎಂದು ನಾನು ಹೇಳಬಹುದು. ಇದೂ ಹಣೆಬರಹ ಎನ್ನಬಹುದು. ದೇವಯ್ಯನವರು ಎದುರಿಗೆ ಕುಳಿತಿದ್ದಾರೆ, ಇವತ್ತು ಹಾಗೆ ಹೇಳಲಾರೆ. ಅಧ್ಯಕ್ಷರೇ, ಇನ್ನೈದು ನಿಮಿಷ ಕೊಡಿ.

ಲಗ್ನ ಆಯಿತು. ಆರನೆಯ ದಿನ ಪುಟ್ಟಸ್ವಾಮಿಗೆ ಗಡ್ಡೆ ಕಟ್ಟಿತು, ಒಂಬತ್ತನೆಯ ದಿನ ತೀರಿಕೊಂಡ. ದೇವಯ್ಯನವರು ಪುಸ್ತಕ ಹಿಡಿದು ಬಂದು ಕೇಳಿದರು: "ಈ ಬೀದೀಲಿ ಮೊದ್ಲು ಇಲಿ ಬಿದ್ದಿದ್ದು ಯಾರ ಮನೇಲಿ ಸಾ?" ನಾನು ಗೊತ್ತಿಲ್ಲ ಎಂದೆ. ಅವರು ಹಿತ್ತಿಲಿನ ಹೊಸ ಮಣ್ಣನ್ನು ನೋಡಿದರು, ನನ್ನನ್ನು ನೋಡಿದರು. "ನೀವು ಏಳ್ದಾಗ ಬರ್ಕೋತೀನಿ," ಎಂದು ಆ ಸಾಲು ಬಿಟ್ಟು ಕೆಳಗೆ ಬರೆದರು. ನನ್ನ ಮನೆಯವರಿಗೂ ಪುಟ್ಟಸ್ವಾಮಿಯ ಮಕ್ಕಳಿಗೂ ಸೂಜಿ ಹಾಕಿ ಹೋದರು. ಅಮಲ್ದಾರರಿಗೆ ಹೇಳಬಹುದಿತ್ತು, ಹೇಳಲಿಲ್ಲ. ಮರುದಿನ ಸಂಜೆ ಎಂದಿನಂತೆ ನನ್ನ ಜಗಲಿಗೆ ಬಂದರು.

ಆಮೇಲೊಂದು ಸಲ ಅವರೇ ಹೇಳಿದರು: "ಮೊದಲ್ನೇ ಮನ್ಸ ತೆಪ್ಪು ಮಾಡಿ ಮರದ ಇಂದೆ ಅವುತ್ಕೊಂಡಾಗ ದೇವರು ಎಲ್ಲಿದ್ದೀಯಪ್ಪಾ ಅಂತ ಕರೆದನಂತೆ. ಗೊತ್ತಿಲ್ದೆ ಕರೆದಿದ್ದಲ್ಲ ಸಾ. ಅವನಾಗೇ ಈಚೆಗೆ ಬರ್ಲಿ ಅಂತ." ಇಷ್ಟು ಹೇಳಿ ಎದ್ದು ಹೋದರು. ನನಗೆ ಅರ್ಥವಾಗಲಿಲ್ಲವೇ? ಆಯಿತು. ಆ ದಿನದಿಂದ ಹಣೆಬರಹದ ವಾದವನ್ನು ಇನ್ನೂ ಜೋರಾಗಿ ಮಾಡಿದೆ.

ಪುಟ್ಟಸ್ವಾಮಿಯ ಹೆಂಡತಿ ಲಕ್ಕಮ್ಮ ಅಲ್ಲಿ ಗೋಡೆಗೆ ಒರಗಿ ಕುಳಿತಿದ್ದಾಳೆ. ಆ ದಿನ ಅವಳು "ಯಾಕಿಂಗಾಯ್ತು ಅಣ್ಣಯ್ಯ?" ಎಂದು ಕೇಳಿದಾಗ ನಾನು ಹಣೆಬರಹ ಎಂದೆ. ಅವಳು ನಂಬಿದಳು. ಈಗಲೂ ಹಬ್ಬಕ್ಕೆ ನಮ್ಮ ಮನೆಗೆ ಅವರೆಕಾಯಿ ಕಳಿಸುತ್ತಾಳೆ. ತಂಗಿ, ಅದು ಹಣೆಬರಹವಲ್ಲ. ನಾನು ಮಾಡಿದ್ದು. ಹೇಳಲೂಬಹುದಿತ್ತು, ಮುಚ್ಚಲೂಬಹುದಿತ್ತು, ಮುಚ್ಚಿದೆ. ನನ್ನ ಕೈ ಯಾರೂ ಹಿಡಿದಿರಲಿಲ್ಲ. ಕ್ಷಮಿಸು ಎಂದು ಈ ಸಭೆಯ ಎದುರು ನಿನ್ನನ್ನು ಕಟ್ಟಿಹಾಕುವುದಿಲ್ಲ. ನಾಳೆ ನೀನು ನಮ್ಮ ಹೊಸಿಲು ತುಳಿದರೂ ಸರಿ, ತುಳಿಯದಿದ್ದರೂ ಸರಿ, ಅದು ನಿನ್ನ ಇಷ್ಟ.

ದೇವಯ್ಯನವರೇ, ನಿಮ್ಮನ್ನು ಹೊಗಳಲು ನಿಂತವನು ನನ್ನ ಕಥೆ ಹೇಳಿಬಿಟ್ಟೆ. ನಿಮ್ಮ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಗೊತ್ತಿಲ್ಲ. ಎಲ್ಲ ತಿಳಿದೂ ಎಂಟು ವರ್ಷ ನನ್ನ ಪಕ್ಕ ಕುಳಿತಿರಿ. ಪುಸ್ತಕ ನಿಮ್ಮ ಚೀಲದಲ್ಲೇ ಇರುತ್ತದೆ, ನನಗೆ ಗೊತ್ತು. ನಾವು ಕೊಟ್ಟ ಪೆನ್ನು ತೆಗೆಯಿರಿ.

ಮೊದಲ ಇಲಿ ಬಿದ್ದ ಮನೆ, ಪಂಚಾಕ್ಷರಯ್ಯನದು. ಬರೆದುಕೊಳ್ಳಿ.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ಲಕ್ಕಮ್ಮ, ನಿನಗೆ ಮೊದಲು, ಆಮೇಲೆ ಉಳಿದವರಿಗೆ, ನಮಸ್ಕಾರ.