ಬಿದ್ದ ಹೊತ್ತು

೨೦೦೮ರ ಬೇಸಿಗೆ. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸಂಡೂರು ಕಡೆಯ ವಿರುಪಮ್ಮ, ಜೊತೆಗೆ ಅವಳ ಅಣ್ಣ ಕನಕರಾಜ. ಅವನು ಗಣಿಯೊಂದರಲ್ಲಿ ಮೇಸ್ತ್ರಿ. ಅಲ್ಲೇ ಕೂಲಿಯಾಗಿದ್ದ ಅವಳ ಗಂಡ ತಾಯಪ್ಪ ಬೆನ್ನುಮೂಳೆ ಮುರಿದುಕೊಂಡು ವಾರ್ಡಿನೊಳಗಿದ್ದ.

"ಬೆನ್ನಿನ ನರ ಜಜ್ಜಿದ್ರ ರಕ್ತದಾಗ ಅದೇನೋ ಏರತೈತಂತ, ಅಣ್ಣಾ. ಅದೇನೋ ಹೊಸಾ ಪರೀಕ್ಷೆ ಮಾಡಿ ನೋಡಿದ್ರು, ಇವಂದು ಏರಿಲ್ಲಂತ. ಈಗ ಕಾಲು ಆಡದಿದ್ರೂ ಮುಂದ ನಡೀತಾನ ಅಂದ್ರು ಡಾಕ್ಟರು."

"ಮತ್ಯಾಕ ಅಳ್ತಿ?"

"ಬಿದ್ದು ಎಷ್ಟು ತಾಸಾತು ಅಂತ ಕೇಳಿದ್ರು. ನೀನು ಹೇಳಿಕೊಟ್ಟಂಗ, ಇವತ್ತು ಮುಂಜಾನೆ ಮಾಳಿಗಿಯಿಂದ ಬಿದ್ದ ಅಂದೆ."

"ಸರಿ ಹೇಳಿದಿ."

"ಭಾಳ ದಿನ ಆದ್ರ ಅದು ತಾನಾ ಇಳಿದು ಹೋಗತೈತಂತ. ಆಮ್ಯಾಲ ಆ ರಕ್ತದ ಪರೀಕ್ಷೆ ನಂಬಾಕ ಬರಂಗಿಲ್ಲಂತ. ಈಗ ನರ್ಸು ಹೇಳಿದ್ಲು."

ಕನಕರಾಜ ವಾರ್ಡಿನ ಬಾಗಿಲ ಕಡೆ ನೋಡಿದ.

"ಗಣ್ಯಾಗ ಬಿದ್ದವನ್ನ ನಾಕು ದಿನ ಅಲ್ಲೇ ಶೆಡ್ಡಿನಾಗ ಮಲಗಿಸಿದ್ರಲ್ಲ, ತಪಾಸಣೆಯವರು ಹೋಗೋ ತನಕ!"

"ಮೆಲ್ಲಕ ಮಾತಾಡು. ಸಾಹುಕಾರ್ರು ಹೇಳಿದ್ರು, ಮಲಗಿಸಿದೆ."

"ಡಾಕ್ಟರಿಗೆ ಖರೇ ಹೇಳ್ತೀನಿ."

"ಹೇಳಿದ್ರ ಕಾಲು ಬರ್ತಾವೇನು? ನನ್ನ ಕೆಲಸ ಹೋಗತೈತಿ, ಅಷ್ಟ."

"ತಾಯಪ್ಪನ ಕಡೆಯವ್ರು ಬರ್ರಿ," ಎಂದು ನರ್ಸು ಕೂಗಿದಳು.

ವಿರುಪಮ್ಮ ಚೀಲದಿಂದ ಒಂದು ಜೊತೆ ಗಂಡಸರ ಚಪ್ಪಲಿ ತೆಗೆದಳು. ಅಂಚಿಗೆಲ್ಲ ಅದಿರಿನ ಕೆಂಪು ಧೂಳು ಮೆತ್ತಿತ್ತು.

"ನಡೀತಿ ಅಂತ ಡಾಕ್ಟರು ಹೇಳಿದಾಗಿಂದ, ಚಪ್ಲಿ ತಂದು ಮಂಚದ ಕೆಳಗ ಇಡು ಅನ್ನಾಕತ್ಯಾನ. ನನ್ನ ಕೈಲೆ ಆಗಂಗಿಲ್ಲ. ನೀನಾ ಇಡು."

ಅವನ್ನು ಅಣ್ಣನ ಕೈಗೆ ತುರುಕಿ ಅವಳು ಒಳಗೆ ನಡೆದಳು. ಕನಕರಾಜ ಎರಡೂ ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಹಿಂದೆ ಹೋದ.