ಕಂಡಕ್ಟರಮ್ಮನ ಉತ್ತರ

ಕದ್ದು ಕೇಳಿದ್ದಲ್ಲ, ಕಿವಿಗೆ ಬಿತ್ತು. ಬಸ್ಸಿನ ಬಾಗಿಲ ಹತ್ತಿರ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಗೆಳತಿಯರಿದ್ದರು. ಕಿಟಕಿ ಪಕ್ಕದವರು ಮೊನ್ನೆಯಷ್ಟೇ ರಿಟೈರಾದ ಬಸ್ ಕಂಡಕ್ಟರ್. ಇನ್ನೊಬ್ಬರು ಟೈಲರ್, ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು.

“ಕಿಟಕಿ ಸೀಟು ಹೇಗಿದೆ ಕಣೇ?” ಎಂದರು ಟೈಲರಮ್ಮ.

“ಗೊತ್ತಾಗ್ತಿಲ್ಲ. ಬಸ್ಸಲ್ಲಿ ಕೂತು ಅಭ್ಯಾಸ ಇಲ್ಲ. ಯಾರಾದ್ರೂ ಬೈತಾರೇನೋ ಅನ್ಸುತ್ತೆ.”

“ಇನ್ಮುಂದೆ ಏನ್ಮಾಡ್ತೀಯಾ?”

“ಜೀವನ ಪೂರ್ತಿ ಬೇರೆಯವರನ್ನ ‘ಎಲ್ಲಿಗೆ?’ ಅಂತ ಕೇಳ್ದವಳು ನಾನು. ನನ್ನನ್ನೇ ಕೇಳಿದ್ರೆ ತಲೆ ಗಿರ್ ಅನ್ನುತ್ತೆ.”

“ಮದುವೆ ಆಗ್ಲಿಲ್ಲ ಅಂತ ಬೇಜಾರಿದ್ಯಾ?”

“ಆಗ ಬೇಜಾರಾಗೋಕೆ ಪುರುಸೊತ್ತಿರ್ಲಿಲ್ಲ. ಈಗ ಪುರುಸೊತ್ತಿದೆ, ಯಾವುದಕ್ಕೆ ಬೇಜಾರಾಗ್ಬೇಕು ಅಂತಾನೇ ತಿಳೀತಿಲ್ಲ.”

“ಹಾಗಾದ್ರೆ ನಮ್ಮನೆಗೇ ಬಂದ್ಬಿಡೆ. ನಮ್ಮೆಜಮಾನ್ರು ಹೋದ್ಮೇಲೆ ಹಿಂದಿನ ರೂಮು ಖಾಲಿ ಬಿದ್ದಿದೆ. ಒಬ್ಬಳಿಗೇ ಅಡುಗೆ ಮಾಡಿ ಸಾಕಾಗ್ಹೋಯ್ತು. ಬರ್ತೀಯೋ, ಇಲ್ವೋ?”

“ಹೂಂ... ಅಲ್ಲ, ತಡಿ. ಸ್ಟಾಪ್ ಬಂತು.”

ಕಂಡಕ್ಟರಮ್ಮ ಗೆಳತಿಯ ಮೊಣಕಾಲು ದಾಟಿಕೊಂಡು ಸರಸರನೆ ಇಳಿದರು. ಟೈಲರಮ್ಮ ಚೀಲಗಳನ್ನು ಎತ್ತಿಕೊಂಡು ಏಳುವಷ್ಟರಲ್ಲಿ, ಕೆಳಗಿದ್ದ ಕಂಡಕ್ಟರಮ್ಮ ಅಭ್ಯಾಸಬಲದಿಂದ ಬಸ್ಸಿನ ಮೈಗೆ ಎರಡು ಸಲ ಬಡಿದು “ರೈಟ್, ರೈಟ್!” ಎಂದು ಕೂಗಿಯೇಬಿಟ್ಟರು. ಅಷ್ಟು ಖಡಕ್ಕಾದ ಕೂಗಿಗೆ ಡ್ರೈವರ್ ತಿರುಗಿಯೂ ನೋಡದೆ ಹೊರಟ.

ಟೈಲರಮ್ಮ ಕಂಬಿ ಹಿಡಿದು ನನ್ನತ್ತ ತಿರುಗಿದರು.

“ನೀವೇ ಹೇಳಿ, ಇದನ್ನ ಹೂಂ ಅಂದ್ಕೊಳ್ಳೋದಾ, ಊಹೂಂ ಅಂದ್ಕೊಳ್ಳೋದಾ?”

ಹಿಂದೆ ರಸ್ತೆಯಲ್ಲಿ ಕಂಡಕ್ಟರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೋಲ್ಡಾನ್! ಹೋಲ್ಡಾನ್!” ಎನ್ನುತ್ತ ಓಡಿ ಬರುತ್ತಿದ್ದರು.