ಅರ್ಥಿಂಗ್ ತಂತಿ ಬಿಚ್ಚಿದ್ದು ನಾನು

ನಾನು ಚೆನ್ನಪ್ಪ ಮೂಲ್ಯ, ವಯಸ್ಸು 43, ಕಟ್ಟಡ ನಿರ್ವಹಣೆ ಕಂಪೆನಿಯೊಂದರಲ್ಲಿ ಎಲೆಕ್ಟ್ರಿಷಿಯನ್, ವಾಸ ಮುಹರ್ರಕ್ ಮಾರುಕಟ್ಟೆ ಹಿಂದಿನ ಕಾರ್ಮಿಕರ ಕ್ಯಾಂಪ್, ಯಾರೂ ಕರೆಯದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆಯಿಂದ ಇಲ್ಲಿ ಕೂರಿಸಿಕೊಂಡಿರುವ ನನ್ನ ಸ್ನೇಹಿತ ನವನೀತ್ ತಪ್ಪು ಮಾಡಿದವರಲ್ಲ. ಮಾಡಿದವನು ನಾನು.

03-11-2010ರಂದು ಸಂಜೆ 5.30ಕ್ಕೆ ನವನೀತ್ ಮನಾಮಾದ ಹೂರಾದಲ್ಲಿರುವ ತಮ್ಮ ಫ್ಲಾಟಿಗೆ ನನ್ನನ್ನು ಕರೆದರು. ಬೇಸಿಗೆಯೆಂದು ಏಪ್ರಿಲಿನಿಂದ ಆರಿಸಿಟ್ಟಿದ್ದ ವಾಟರ್ ಹೀಟರ್ ಹಾಕಿದ ಕೂಡಲೇ ಬ್ರೇಕರ್ ಬೀಳುತ್ತಿತ್ತು. ಹೀಟರಿನ ಒಳಗಿನ ಕಾಯಿಲ್ ಹಾಳಾಗಿ ಕರೆಂಟು ಸೋರುತ್ತಿರುವುದು ನನಗೆ ಎರಡೇ ನಿಮಿಷದಲ್ಲಿ ತಿಳಿಯಿತು. ಹೊಸ ಕಾಯಿಲ್ ಶನಿವಾರ ಬರುವುದೆಂದು ಅಂಗಡಿಯವನು ಫೋನಿನಲ್ಲಿ ಹೇಳಿದ. ನವನೀತರ ಹೆಂಡತಿ ಕುಸುಮಾವತಿ, ಶುಕ್ರವಾರ ದೀಪಾವಳಿಯ ಎಣ್ಣೆಸ್ನಾನ ಉಂಟಲ್ಲ ಮಾರಾಯ್ರೆ, ಹಬ್ಬಕ್ಕೆ ತಣ್ಣೀರು ಮೀಯುವುದಾ, ಎಂತಾದರೂ ಮಾಡಿ ಅಂದರು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು-ಹಳದಿ ಅರ್ಥಿಂಗ್ ತಂತಿಯನ್ನು ನಾನು ಹೀಟರಿನಿಂದ ಬಿಚ್ಚಿ ಟೇಪ್ ಸುತ್ತಿದೆ. ಬ್ರೇಕರ್ ಬೀಳುವುದು ನಿಂತಿತು, ಸೋರುವ ಕರೆಂಟು ಮಾತ್ರ ಹೀಟರಿನ ತಗಡಿನಲ್ಲೇ ಉಳಿಯಿತು. ಆ ಹಳೇ ಬ್ರೇಕರ್ ಮನುಷ್ಯನ ಜೀವ ಕಾಯುವಷ್ಟು ಸೂಕ್ಷ್ಮದ್ದಲ್ಲ. ಮೀಯುವ ಮೊದಲು ಸ್ವಿಚ್ ಆರಿಸಿ ಎಂದಷ್ಟೇ ಹೇಳಿ, ಚಾ ಕುಡಿದು ಹೊರಟೆ.

04-11-2010ರಂದು ಸಂಜೆ 6.20ಕ್ಕೆ ಅವರಲ್ಲಿಗೆ ಊಟಕ್ಕೆ ಹೋದೆ. ಅಂದು ನೀರು ತುಂಬುವ ಹಬ್ಬ. ನಮ್ಮ ಕಡೆ ಆ ಸಂಜೆ ಬಚ್ಚಲಿನ ಹಂಡೆ ತೊಳೆದು, ನೀರು ತುಂಬಿಸಿ, ಹೂ ಕುಂಕುಮ ಇಟ್ಟು ಬೆಂಕಿ ಹಾಕುತ್ತಾರೆ. ಇಲ್ಲಿ ಹಂಡೆ ಎಲ್ಲಿ, ಹೀಟರಿಗೇ ಪೂಜೆ. ನನ್ನ ಹೆಂಡತಿ ಇಲ್ಲಿದ್ದ ಎರಡು ವರ್ಷವೂ ಹಾಗೆಯೇ ಮಾಡಿದ್ದಳು. ಆದರೂ ಇವರೂ ಹೀಟರ್ ಮುಟ್ಟುತ್ತಾರೆಂದು ನನ್ನ ಮಂಡೆಗೆ ಹೊಳೆಯಲಿಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳ. ಕುಸುಮಾವತಿ ಬೆಂಕಿಯ ಬದಲಿಗೆ ಸ್ವಿಚ್ ಹಾಕಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಒದ್ದೆ ಕೈಯಲ್ಲಿ ಹೀಟರಿನ ತಗಡಿಗೆ ಕುಂಕುಮ ಹಚ್ಚಿದರು. 6.40ಕ್ಕೆ ಅವರು ಬಿದ್ದ ಸದ್ದು ಕೇಳಿತು. ಮೇನ್ ಸ್ವಿಚ್ ಆರಿಸಿದವನು ನಾನೇ. ಎಂತ ಆಯಿತೆಂದು ಆ ಮನೆಯಲ್ಲಿ ಗೊತ್ತಿದ್ದವನೂ ನಾನೊಬ್ಬನೇ.

6.55ಕ್ಕೆ ಆಂಬುಲೆನ್ಸ್, 7.15ಕ್ಕೆ ಪೊಲೀಸರು ಬಂದರು. ತಂತಿ ಬಿಚ್ಚಿದ್ದು ಯಾರೆಂದು ಹಿಂದಿಯಲ್ಲಿ ಕೇಳಿದರು. ಕಂಪೆನಿಯ ಹೊರಗಿನ ಕೆಲಸ ಮಾಡಲು ನನಗೆ ಪರವಾನಗಿ ಇಲ್ಲ, ಸಿಕ್ಕಿದರೆ ವೀಸಾ ಹೋಗುತ್ತದೆ. ನನ್ನಿಂದ ಎರಡಡಿ ದೂರದಲ್ಲಿದ್ದ ನವನೀತ್ ನನ್ನ ಮುಖ ನೋಡಿ, ತಾನೇ ಬಿಚ್ಚಿದ್ದು ಎಂದರು. ನಾನು ನೆಲ ನೋಡುತ್ತಾ ನಿಂತೆ. ಅವರನ್ನು 7.40ಕ್ಕೆ ಕರೆದೊಯ್ದರು.

ರಾತ್ರಿಯಿಡೀ ಆಸ್ಪತ್ರೆಯಲ್ಲಿ ಗಂಡ ಕೂರಬೇಕಾದ ಕುರ್ಚಿಯಲ್ಲಿ ನಾನು ಕೂತಿದ್ದೆ. ಇಂದು ಬೆಳಗ್ಗೆ 8.10ಕ್ಕೆ ಕುಸುಮಾವತಿ ಕಣ್ಣು ಬಿಟ್ಟು, ಇವರೆಲ್ಲಿ ಎಂದು ಕೇಳಿದರು. ಆಮೇಲೆ, ಪೂಜೆಯಲ್ಲಿ ನಾನು ಎಂತ ತಪ್ಪು ಮಾಡಿದೆ ಚೆನ್ನಪ್ಪಣ್ಣ ಎಂದು ಕೇಳಿ ಅತ್ತರು. ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದೇನೆ. ನನ್ನನ್ನು ಇಟ್ಟುಕೊಂಡು ನವನೀತರನ್ನು ಹೆಂಡತಿಯ ಬಳಿಗೆ ಕಳಿಸಬೇಕಾಗಿ ಕೈಮುಗಿದು ಕೇಳುತ್ತೇನೆ.

ಮೇಲೆ ಬರೆದದ್ದನ್ನು ದುಭಾಷಿ ಪ್ಯಾಟ್ರಿಕ್ ಓದಿ ಕೇಳಿಸಿದ್ದಾರೆ. ನನ್ನ ಮೇಲಿನ ಕನಿಕರದಿಂದ ಅವರು ‘ಅಪಾಯ ತಿಳಿಯದೆ ತಂತಿ ಬಿಚ್ಚಿದೆ’ ಎಂದು ಬರೆದಿದ್ದರು. ‘ಅಪಾಯ ತಿಳಿಯದೆ’ ಎಂಬುದನ್ನು ನಾನೇ ಹೇಳಿ ಹೊಡೆದುಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಮನಾಮಾ
ದಿನಾಂಕ: 05-11-2010, ಬೆಳಗ್ಗೆ 9.35
ಸಹಿ: ಚೆನ್ನಪ್ಪ ಮೂಲ್ಯ